ಗೊತ್ತಿಲ್ಲದವರನ್ನೂ ಕರೆದು ಕೂರಿಸಿ: ಗುಂಪಿನಲ್ಲಿ ಹೊಸ ಐಡಿಯಾ ಹುಡುಕುವ ಸಮಗ್ರ ಮಾರ್ಗದರ್ಶಿ

ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಸಂಘದ ಮೀಟಿಂಗ್ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಜಮಖಾನೆ ಹಾಸುತ್ತಾರೆ, ಚಹಾ ಬರುತ್ತದೆ, "ಎಲ್ಲಾರೂ ನಿಮ್ಮ ನಿಮ್ಮ ವಿಚಾರ ಹೇಳ್ರಿ" ಅನ್ನುತ್ತಾರೆ ಅಧ್ಯಕ್ಷರು. ಇಬ್ಬರು ಮಾತಾಡುತ್ತಾರೆ, ಹತ್ತು ಜನ ಹೂಂ ಅನ್ನುತ್ತಾರೆ. ಹೋದ ಸಲ ಆದ ತೀರ್ಮಾನವೇ ಈ ಸಲವೂ ಆಗುತ್ತದೆ. ಬಂದವರಿಗೆ ಬುದ್ಧಿ ಇಲ್ಲ ಅಂತಲ್ಲ. ಮಾತಾಡಿಸುವ ಕ್ರಮ ಸರಿ ಇರುವುದಿಲ್ಲ. ಜೊತೆಗೆ ಬಂದವರೆಲ್ಲ ಒಂದೇ ಕಸುಬಿನವರು, ಅವರಿಗೆಲ್ಲ ಗೊತ್ತಿರುವುದು ಅದೇ ಅದೇ.

ಕ್ರಮ ಬದಲಿಸಿ, ಹೊರಗಿನವರು ಇಬ್ಬರು ಮೂವರನ್ನು ಸೇರಿಸಿದರೆ ಎರಡೂವರೆ ತಾಸಿನಲ್ಲಿ ಬೇಕಾದಷ್ಟು ಹೊಸ ವಿಚಾರ ಸಿಗುತ್ತದೆ. ಸ್ವಸಹಾಯ ಸಂಘ, ಕಿರಾಣಿ ಅಂಗಡಿ, ಶಾಲೆಯ ಎಸ್‌ಡಿಎಂಸಿ, ಬೆಳಗಾವಿ ಉದ್ಯಮಬಾಗದ ಸಣ್ಣ ವರ್ಕ್‌ಶಾಪ್, ಎಲ್ಲಿ ಬೇಕಾದರೂ ಇದನ್ನು ಮಾಡಬಹುದು.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಹುನಗುಂದ ಕಡೆಯ ಒಂದು ಊರು ಅಂತಿಟ್ಟುಕೊಳ್ಳಿ. ಹತ್ತು ಹನ್ನೆರಡು ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಬೆಂಗಳೂರಿನಿಂದ ಆರ್ಡರ್ ಬರುತ್ತವೆ. ರಾತ್ರಿ ಬಸ್ಸಿಗೆ ಬಾಕ್ಸ್ ಹಾಕಿ ಕಳಿಸಿದರೆ ಬೆಳಿಗ್ಗೆ ಮುಟ್ಟುವ ಹೊತ್ತಿಗೆ ಕಾಲು ಭಾಗ ಚೂರುಚೂರು. ಗಿರಾಕಿ ದುಡ್ಡು ವಾಪಸ್ ಕೇಳುತ್ತಾನೆ. ಏನು ಮಾಡಬೇಕು?

ಮೊದಲು ಸ್ವಲ್ಪ ಹಿನ್ನೆಲೆ

ಗುಂಪು ಕೂರಿಸಿ ಐಡಿಯಾ ಹುಡುಕುವುದಕ್ಕೆ ಬ್ರೇನ್‌ಸ್ಟಾರ್ಮಿಂಗ್ ಅನ್ನುವ ಹೆಸರನ್ನು ಜಗತ್ತಿಗೆಲ್ಲ ಹಬ್ಬಿಸಿದವನು ಅಲೆಕ್ಸ್ ಆಸ್ಬಾರ್ನ್. ಅಮೆರಿಕದಲ್ಲಿ ಜಾಹೀರಾತು ಕಂಪನಿ ನಡೆಸುತ್ತಿದ್ದವನು. ಅವನು ಹಾಕಿಕೊಟ್ಟ ನಿಯಮ ನಾಲ್ಕೇ: ಯಾರ ಮಾತನ್ನೂ ಅಲ್ಲೇ ತೆಗೆದುಹಾಕಬಾರದು, ಹುಚ್ಚು ವಿಚಾರ ಬಂದರೂ ಬರಲಿ, ಎಷ್ಟು ಜಾಸ್ತಿ ಬಂದರೆ ಅಷ್ಟು ಒಳ್ಳೆಯದು, ಒಬ್ಬರ ವಿಚಾರಕ್ಕೆ ಇನ್ನೊಬ್ಬರು ಸೇರಿಸುತ್ತಾ ಹೋಗಬೇಕು.

ಕೇಳಲಿಕ್ಕೆ ಚೆನ್ನಾಗಿದೆ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದಾಗ ಉಲ್ಟಾ ಫಲಿತಾಂಶ ಬಂತು. ನಾಲ್ಕು ಜನ ಒಟ್ಟಿಗೆ ಕೂತು ಹೇಳಿದ್ದು ಕಡಿಮೆ. ನಾಲ್ಕು ಜನ ಬೇರೆ ಬೇರೆ ಕೂತು ಯೋಚಿಸಿದ್ದನ್ನು ಆಮೇಲೆ ಕೂಡಿಸಿದರೆ ಜಾಸ್ತಿ. 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದರ ದೊಡ್ಡ ಕಾರಣ ತೋರಿಸಿಕೊಟ್ಟರು. ಗುಂಪಿನಲ್ಲಿ ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕು. ಕಾಯುವಷ್ಟರಲ್ಲಿ ತಲೆಗೆ ಬಂದದ್ದು ಮರೆತುಹೋಗುತ್ತದೆ, ಇಲ್ಲವೇ "ಹೋಗಲಿ ಬಿಡು" ಅನ್ನಿಸಿಬಿಡುತ್ತದೆ. ಇದರ ಜೊತೆಗೆ ನಾಚಿಕೆ, ಅಂಜಿಕೆ ಬೇರೆ.

ಹಾಗಂತ ಗುಂಪೇ ಬೇಡ ಅನ್ನುವುದು ತಪ್ಪು. ಮೊದಲು ಒಬ್ಬೊಬ್ಬರೇ ಬರೆಯಬೇಕು, ಆಮೇಲೆ ಎಲ್ಲರೂ ಮಾತಾಡಬೇಕು, ಸರಿ ತಪ್ಪು ನೋಡುವುದು ಎಲ್ಲಕ್ಕಿಂತ ಕೊನೆಗೆ. ಮುಂದೆ ಹೇಳುವುದೆಲ್ಲ ಈ ಕ್ರಮದ ಮೇಲೆಯೇ ನಿಂತಿದೆ.

ಹಂತ 1: ಪ್ರಶ್ನೆಯನ್ನು ಸಣ್ಣದು ಮಾಡಿ

"ವ್ಯಾಪಾರ ಹೆಚ್ಚು ಮಾಡುವುದು ಹೇಗೆ?" ಅಂತ ಕೇಳಿದರೆ "ಪ್ರಚಾರ ಮಾಡಬೇಕು, ಕ್ವಾಲಿಟಿ ಇರಬೇಕು" ಅನ್ನುವ ಉತ್ತರವೇ ಬರುತ್ತದೆ. ಇದಕ್ಕೆ ಮೀಟಿಂಗ್ ಯಾಕೆ? "ಯಾವ ಡಬ್ಬಿ ತರಬೇಕು?" ಅಂತ ಕೇಳಿದರೂ ತೊಂದರೆ. ಅಲ್ಲಿ ಉತ್ತರ ಡಬ್ಬಿಯೇ ಅಂತ ನೀವು ಮೊದಲೇ ತೀರ್ಮಾನ ಮಾಡಿ ಆಗಿರುತ್ತದೆ.

ಹೀಗೆ ಕೇಳಿ: "100 ಖಡಕ್ ರೊಟ್ಟಿ ರಾತ್ರಿಯಿಡೀ ಬಸ್ಸಿನಲ್ಲಿ ಹೋಗಿ ಮುಟ್ಟಿದ ಮೇಲೂ ಗಿರಾಕಿ ಖುಷಿಯಾಗಿರಬೇಕು. ಹೇಗೆ?" ರೊಟ್ಟಿ ಒಡೆಯಬಾರದು ಅಂತ ಇಲ್ಲಿ ಹೇಳಿಲ್ಲ, ಗಮನಿಸಿ. ಗಿರಾಕಿ ಖುಷಿಯಾಗಬೇಕು ಅಂತ ಮಾತ್ರ ಇದೆ. ಇದರಿಂದ ಎಷ್ಟು ದಾರಿ ತೆರೆದುಕೊಳ್ಳುತ್ತದೆ ಅಂತ ಮುಂದೆ ಕಾಣುತ್ತದೆ.

ಇದರ ಜೊತೆಗೆ ಇನ್ನೊಂದು ಕೆಲಸ. ಅದೇ ಪ್ರಶ್ನೆಯನ್ನು ಕಸುಬಿನ ಮಾತು ತೆಗೆದು ಇನ್ನೊಮ್ಮೆ ಬರೆಯಿರಿ: "ತೆಳ್ಳಗೆ, ದುಂಡಗೆ, ಒಣಗಿ ಗರಿಗರಿ ಆಗಿರುವ ವಸ್ತು. ತಟ್ಟಿದರೆ ಒಡೆಯುತ್ತದೆ. ಬಹಳ ದೂರ ಕಳಿಸಬೇಕು." ಈ ಎರಡನೇ ಚೀಟಿ ಹೊರಗಿನವರಿಗೆ. ರೊಟ್ಟಿ ಅಂದ ಕೂಡಲೇ "ನಮಗೇನು ತಿಳೀತದ್ರೀ, ಅಡುಗಿ ಹೆಣ್ಣುಮಕ್ಕಳ ಕೆಲಸ" ಅಂತ ಜಾರಿಕೊಳ್ಳುವ ಗಂಡಸರೂ ತೆಳ್ಳಗಿನ ವಸ್ತು ಅಂದಾಗ ಕೂತು ಯೋಚಿಸುತ್ತಾರೆ.

ಹಂತ 2: ಯಾರನ್ನು ಕರೆಯಬೇಕು?

ಬಹಳ ಜನ ತಪ್ಪುವುದು ಇಲ್ಲಿಯೇ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಒಟ್ಟು ಎಂಟು ಜನ ಸಾಕು. ನಾಲ್ಕೈದು ಜನ ಕೆಲಸ ಮಾಡುವವರೇ ಇರಲಿ, ಉಳಿದವರು ಹೊರಗಿನವರು. ಹೊರಗಿನವರು ಅಂದರೆ ದಾರಿಯಲ್ಲಿ ಸಿಕ್ಕವರಲ್ಲ. ನಿಮ್ಮಂಥದೇ ಕಷ್ಟವನ್ನು ಬೇರೆ ಕಸುಬಿನಲ್ಲಿ ದಿನಾ ಅನುಭವಿಸುವವರು. ಒಡೆಯುವ ಸಾಮಾನು ಇನ್ಯಾರು ಸಾಗಿಸುತ್ತಾರೆ ಅಂತ ಯೋಚಿಸಿ. ಕಿಟಕಿ ಗಾಜಿನ ಅಂಗಡಿಯವರು, ಬಳೆಗಾರರು, ಮೊಟ್ಟೆ ವ್ಯಾಪಾರಿ, ಟೈಲ್ಸ್ ಹಾಕುವ ಮೇಸ್ತ್ರಿ, ಬಸ್ ಸ್ಟ್ಯಾಂಡಿನಲ್ಲಿ ಪಾರ್ಸಲ್ ಎತ್ತಿ ಇಡುವ ಹಮಾಲರು. ಹಮಾಲರನ್ನು ಖಂಡಿತ ಬಿಡಬೇಡಿ. ನಿಮ್ಮ ಬಾಕ್ಸ್ ಎಲ್ಲಿ ಬೀಳುತ್ತದೆ, ಅದರ ಮೇಲೆ ಏನು ಕೂರುತ್ತದೆ ಅಂತ ಕಣ್ಣಾರೆ ಕಂಡವರು ಅವರೊಬ್ಬರೇ.

ಇದು ಬರೀ ಹಳ್ಳಿಯ ಉಪಾಯವಲ್ಲ. 1989ರಲ್ಲಿ ಅಲಾಸ್ಕಾದ ಸಮುದ್ರದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಕಚ್ಚಾ ಎಣ್ಣೆ ಚೆಲ್ಲಿತ್ತು. ಅಂಥ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಪಂಪಿಗೆ ಬರುವುದೇ ಇಲ್ಲ. ಎಷ್ಟೋ ವರ್ಷ ಇದು ಬಗೆಹರಿಯಲಿಲ್ಲ. 2007ರಲ್ಲಿ ಇನ್ನೊಸೆಂಟಿವ್ ಎಂಬ ಸಂಸ್ಥೆಯ ಮೂಲಕ 20,000 ಡಾಲರ್ ಬಹುಮಾನ ಇಟ್ಟು ಎಲ್ಲರಿಗೂ ಪ್ರಶ್ನೆ ಕೇಳಿದರು. ಗೆದ್ದವನು ಎಣ್ಣೆ ಉದ್ಯಮದವನೇ ಅಲ್ಲ. ಕಾಂಕ್ರೀಟ್ ಸಲೀಸಾಗಿ ಹರಿಯಲಿ ಅಂತ ವೈಬ್ರೇಟರ್ ಹಚ್ಚಿ ಅಲುಗಾಡಿಸುತ್ತಾರಲ್ಲ, ಅದನ್ನೇ ಎಣ್ಣೆಗೂ ಹಚ್ಚಿ ಅಂದ. ನಮ್ಮೂರಿನಲ್ಲಿ ಸ್ಲ್ಯಾಬ್ ಹಾಕುವ ದಿನ ಗಿರ್ ಅಂತ ಸದ್ದು ಮಾಡುವ ಅದೇ ಯಂತ್ರ.

ಇನ್ನೂ ಹಿಂದೆ ಹೋದರೆ, ಗಾಳಿಯಾಡದಂತೆ ಮುಚ್ಚಿ ಕುದಿಸಿ ಆಹಾರ ಕೆಡದಂತೆ ಇಡುವುದನ್ನು ಕಂಡುಹಿಡಿದ ನಿಕೊಲಾ ಅಪೇರ್ ಫ್ರಾನ್ಸಿನ ಮಿಠಾಯಿ ಮಾಡುವವನು. 1810ರಲ್ಲಿ ಸರಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಹಾಗೆ ಮಾಡಿದರೆ ಯಾಕೆ ಕೆಡುವುದಿಲ್ಲ ಅಂತ ಲೂಯಿ ಪಾಶ್ಚರ್ ವಿವರಿಸುವ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು.

ಕಸುಬು ಗೊತ್ತಿದ್ದವರಿಗೆ ಯಾಕೆ ಇದು ಕಾಣುವುದಿಲ್ಲ? ಡಂಕರ್ ಎಂಬ ಮನಶ್ಶಾಸ್ತ್ರಜ್ಞನ ಒಂದು ಹಳೆಯ ಪ್ರಯೋಗವಿದೆ. ಒಂದು ಮೇಣದ ಬತ್ತಿ, ಬೆಂಕಿಕಡ್ಡಿ, ಒಂದು ಡಬ್ಬಿ ತುಂಬ ಪಿನ್ನು ಕೊಟ್ಟು ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಅನ್ನುತ್ತಾನೆ. ಡಬ್ಬಿ ಖಾಲಿ ಮಾಡಿ ಅದನ್ನೇ ಗೋಡೆಗೆ ಚುಚ್ಚಿ ಮೇಲೆ ಬತ್ತಿ ಇಡಬಹುದು. ಬಹಳ ಜನಕ್ಕೆ ಹೊಳೆಯುವುದಿಲ್ಲ, ಯಾಕೆಂದರೆ ಡಬ್ಬಿ ಅವರಿಗೆ ಪಿನ್ನು ಇಡುವ ಡಬ್ಬಿ ಮಾತ್ರ. ಪಿನ್ನು ಹೊರಗೆ ತೆಗೆದು ಡಬ್ಬಿ ಖಾಲಿ ಕೊಟ್ಟರೆ ಹೆಚ್ಚು ಜನರಿಗೆ ಹೊಳೆಯುತ್ತದೆ. ಇಪ್ಪತ್ತು ವರ್ಷ ರೊಟ್ಟಿಯನ್ನು ಒಂದರ ಮೇಲೊಂದು ಪೇರಿಸಿದವರಿಗೆ ರೊಟ್ಟಿ ಅಂದರೆ ಪೇರಿಸುವ ವಸ್ತುವೇ.

ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ಒಳ್ಳೆಯದು, ಐದನೇ ಆರನೇ ಇಯತ್ತೆ ಓದುವವರು. ಅವರಿಗೆ ಮುಲಾಜು ಇರುವುದಿಲ್ಲ. ಇನ್ನು ಎಲ್ಲಾ ಸಭೆಗೂ ತಪ್ಪದೆ ಬಂದು ಎಲ್ಲದರ ಬಗ್ಗೆ ಅಭಿಪ್ರಾಯ ಹೇಳುವವರು ಪ್ರತಿ ಊರಿನಲ್ಲೂ ಒಬ್ಬರು ಇರುತ್ತಾರೆ. ಅವರನ್ನು ಬಿಡಿ.

ಕೂಲಿ ಬಿಟ್ಟು ಬರುವವರಿಗೆ ಅರ್ಧ ದಿನದ ಪಗಾರ ಕೊಡಿ. ಪುಕ್ಕಟೆ ಬುದ್ಧಿ ಕೇಳಬಾರದು.

ಹಂತ 3: ಜಾಗ, ಹೊತ್ತು, ದೊಡ್ಡವರು

ಸಂತೆಯ ದಿನ ಬೇಡ, ಅಮಾವಾಸ್ಯೆ ಪೂಜೆಯ ದಿನ ಬೇಡ. ಮಧ್ಯಾಹ್ನ ಮೂರೂವರೆಗೆ ಶುರು ಮಾಡಿದರೆ ಆರಕ್ಕೆ ಮುಗಿಯುತ್ತದೆ. ನೆಲದ ಮೇಲೆ ದುಂಡಗೆ ಕೂರಿ. ಕುರ್ಚಿ ಹಾಕಿದರೆ ಕುರ್ಚಿ ಯಾರಿಗೆ ಅನ್ನುವುದೇ ಒಂದು ಸಮಸ್ಯೆ ಆಗುತ್ತದೆ.

ದೊಡ್ಡವರ ವಿಷಯ ಮಾತ್ರ ಸೂಕ್ಷ್ಮ. ಗೋಳಗುಮ್ಮಟದಲ್ಲಿ ಒಬ್ಬ ಕೂಗಿದರೆ ಏಳು ಸಲ ಅದೇ ಕೇಳಿಸುತ್ತದೆ ಅಲ್ವಾ, ದೊಡ್ಡವರು ಮೊದಲು ಮಾತಾಡಿದ ಮೀಟಿಂಗೂ ಹಾಗೆಯೇ. ಅವರನ್ನು ಕರೆಯದೆ ಇರುವುದಕ್ಕೂ ಆಗುವುದಿಲ್ಲ. ಹಿಂದಿನ ದಿನವೇ ಮನೆಗೆ ಹೋಗಿ ಹೇಳಿ: "ಗೌಡ್ರ, ನೀವು ಮೊದಲ ಹೇಳಿದ್ರ ಉಳಿದವರು ಬರೇ ಹೂಂ ಅಂತಾರ್ರೀ. ಎಲ್ಲಾರದೂ ಕೇಳಿ ಕಡೀಕ ನೀವು ಹೇಳ್ರಿ." ಕೊನೆಗೆ ಮಾತಾಡುವುದು ನಮ್ಮಲ್ಲಿ ಮರ್ಯಾದೆಯೇ. ಬಹುತೇಕ ಒಪ್ಪುತ್ತಾರೆ.

ಅತ್ತೆ ಸೊಸೆ ಇಬ್ಬರೂ ಒಂದೇ ಸಂಘದಲ್ಲಿದ್ದರೆ ಅಕ್ಕಪಕ್ಕ ಕೂರಿಸಬೇಡಿ. ಕಾರಣ ಹೇಳಬೇಕಾಗಿಲ್ಲ.

ಹಂತ 4: ನೋಡಲಿಕ್ಕೆ ಬಿಡಿ, ಕೇಳಲಿಕ್ಕೆ ಬಿಡಿ

ಮೊದಲ ಇಪ್ಪತ್ತು ನಿಮಿಷ ಯಾರೂ ಸಲಹೆ ಕೊಡುವ ಹಾಗಿಲ್ಲ. ಸಂಘದವರು ದಿನಾ ಮಾಡುವ ಹಾಗೆ ರೊಟ್ಟಿ ಎಣಿಸಿ, ಪೇರಿಸಿ, ಪ್ಲಾಸ್ಟಿಕ್ ಸುತ್ತಿ, ಬಾಕ್ಸಿಗೆ ಹಾಕಿ ತೋರಿಸುತ್ತಾರೆ. ಹೊರಗಿನವರು ನೋಡುತ್ತಾ ಬರೀ ಪ್ರಶ್ನೆ ಕೇಳುತ್ತಾರೆ. ಒಬ್ಬರು ಆ ಪ್ರಶ್ನೆಗಳನ್ನು ದೊಡ್ಡ ಹಾಳೆಯ ಮೇಲೆ ಬರೆಯುತ್ತಾರೆ.

"ಇಷ್ಟ ದೊಡ್ಡವು ಯಾಕ ಮಾಡ್ತೀರಿ?" ಹಂಚಿನ ಅಳತೆ ಅಷ್ಟಿದೆ. "ಅಡ್ಡ ಯಾಕ ಇಟ್ಟೀರಿ?" ಮೊದಲಿನಿಂದ ಹಾಗೇ. "ಬಾಕ್ಸಿನ ಮೂಲ್ಯಾಗ ಜಾಗ ಖಾಲಿ ಐತಲ್ಲ?" ದುಂಡನೆಯ ರೊಟ್ಟಿ, ಚೌಕ ಬಾಕ್ಸು. "ಮುಟ್ಟಿದ ಮ್ಯಾಲೆ ಅವರು ಹೆಂಗ ತಿಂತಾರ?" ಇದಕ್ಕೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

"ಮೊದಲಿನಿಂದ ಹಾಗೇ" ಅನ್ನುವ ಉತ್ತರ ಬಂದ ಕಡೆಯೆಲ್ಲ ಒಂದು ಗುರುತು ಹಾಕಿ. ಹೊಸ ವಿಚಾರ ಹುಟ್ಟುವುದು ಬಹುತೇಕ ಅಲ್ಲಿಂದಲೇ. ನನ್ನ ಅನಿಸಿಕೆ ಕೇಳಿದರೆ, ಕಸುಬು ಗೊತ್ತಿಲ್ಲದವರ ಸಲಹೆಗಿಂತ ಅವರ ಪ್ರಶ್ನೆಗೇ ಬೆಲೆ ಜಾಸ್ತಿ.

ಅವರ ಹತ್ತಿರ ನೀವು ಕೇಳಬೇಕಾದದ್ದೂ ಒಂದೇ ಪ್ರಶ್ನೆ. "ನಾವು ಏನು ಮಾಡಬೇಕು?" ಅಂತ ಕೇಳಬೇಡಿ. ಪಾಪ, ಅವರಿಗೆ ಹೇಗೆ ಗೊತ್ತಿರಬೇಕು? "ನಿಮ್ಮ ಕೆಲಸದಲ್ಲಿ ಇದನ್ನ ಹೇಗೆ ಮಾಡ್ತೀರಿ?" ಅಂತ ಕೇಳಿ. ಗಾಜಿನ ಅಂಗಡಿಯ ಕಾಕಾ ಯೋಚಿಸಬೇಕಾದ್ದೇ ಇಲ್ಲ. "ನಾವು ಗಾಜು ಅಡ್ಡ ಮಲಗಿಸಂಗಿಲ್ಲಪಾ. ನಿಂದರಿಸಿ ಒಯ್ತೀವಿ. ಮಲಗಿಸಿದ್ರ ನಡು ಭಾರ ಬಿದ್ದು ಟಣ್ ಅಂತೈತಿ." ಬಳೆಗಾರರು ಬಳೆಗಳನ್ನು ದಾರದಿಂದ ಬಿಗಿಯಾಗಿ ಕಟ್ಟುವುದನ್ನು ಹೇಳುತ್ತಾರೆ: ಅಲುಗಾಡದಿದ್ದರೆ ಒಂದಕ್ಕೊಂದು ಬಡಿಯುವುದಿಲ್ಲ.

ಹಂತ 5: ಬಾಯಿ ಮುಚ್ಚಿ ಬರೆಯುವುದು

ಈಗ ಎಲ್ಲರಿಗೂ ಅಂಗೈ ಅಗಲದ ಚೀಟಿಗಳನ್ನು ಕೊಡಿ. ಒಂದು ಚೀಟಿಗೆ ಒಂದೇ ವಿಚಾರ, ಹೆಸರು ಬರೆಯುವಂತಿಲ್ಲ. ಹದಿನೈದು ನಿಮಿಷ ಮಾತು ಬಂದ್.

ಜರ್ಮನಿಯ ಬರ್ಂಡ್ ರೋರ್ಬಾಕ್ 1960ರ ದಶಕದ ಕೊನೆಯಲ್ಲಿ 6-3-5 ಅಂತ ಒಂದು ಪದ್ಧತಿ ತಂದ. ಆರು ಜನ, ತಲೆಗೆ ಮೂರು ವಿಚಾರ, ಐದು ನಿಮಿಷ. ಐದು ನಿಮಿಷ ಆದ ಕೂಡಲೇ ಹಾಳೆ ಪಕ್ಕದವರಿಗೆ. ಅವರು ಅದನ್ನು ಓದಿ ಕೆಳಗೆ ತಮ್ಮ ಮೂರು ಸೇರಿಸುತ್ತಾರೆ. ಹಾಳೆ ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ, ಅಂದರೆ ಅರ್ಧ ತಾಸಿನಲ್ಲಿ, 108 ವಿಚಾರ. ಓದು ಬರಹ ಚೆನ್ನಾಗಿ ಬರುವ ಗುಂಪಾದರೆ ಇದನ್ನೇ ಮಾಡಿ. ಕಾಲೇಜಿನವರು, ಶಿಕ್ಷಕರು, ವರ್ಕ್‌ಶಾಪ್ ಸೂಪರ್‌ವೈಸರ್‌ಗಳು ಇದನ್ನು ಆಟದ ಹಾಗೆ ಆಡುತ್ತಾರೆ.

ಬರೆಯಲಿಕ್ಕೆ ಬಾರದವರು ಇದ್ದರೆ? ಕಾಲೇಜಿಗೆ ಹೋಗುವ ಒಬ್ಬ ಹುಡುಗಿಯನ್ನು ಜೊತೆಗೆ ಕೂರಿಸಿ, ಕಿವಿಯಲ್ಲಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಲಿ. "ಅಜ್ಜಿ ಹೇಳಿದ್ದು ಅಂದ್ರೆ ಹೀಗೆ" ಅಂತ ತಿದ್ದಬಾರದು. ಅಥವಾ ಹೊರಗೆ ಜಗಲಿಗೆ ಹೋಗಿ ಫೋನಿನಲ್ಲಿ ವಾಯ್ಸ್ ರೆಕಾರ್ಡ್ ಮಾಡಿ ಬರಲಿ. ಚಿತ್ರ ಬಿಡಿಸಿದರೂ ನಡೆಯುತ್ತದೆ.

ವಾಟ್ಸಾಪ್ ಗ್ರೂಪಿನಲ್ಲಿ ಇದನ್ನು ಮಾಡಬಹುದಾ ಅಂತ ಕೇಳುತ್ತಾರೆ. ಗ್ರೂಪಿನಲ್ಲಿ ಬೇಡ. ಮೊದಲ ಮೆಸೇಜಿಗೆ ನಾಲ್ಕು ಹೆಬ್ಬೆರಳು ಬಿದ್ದವು ಅಂದರೆ ಕತೆ ಮುಗಿಯಿತು. ಎಲ್ಲರೂ ಒಬ್ಬರ ನಂಬರಿಗೆ ಬೇರೆ ಬೇರೆ ಕಳಿಸಲಿ, ಅವರು ಹೆಸರು ತೆಗೆದು ಒಟ್ಟಿಗೆ ಹಾಕಲಿ.

ಹಂತ 6: ಚೀಟಿ ಹರಡಿ, ಓದಿ, ಕೂಡಿಸಿ

ಚೀಟಿಗಳನ್ನೆಲ್ಲ ಒಂದು ಪುಟ್ಟಿಯಲ್ಲಿ ಹಾಕಿ ಕಲಸಿ. ಒಬ್ಬರು ಗಟ್ಟಿಯಾಗಿ ಓದುತ್ತಾ ಜಮಖಾನೆಯ ಮೇಲೆ ಹರಡಲಿ. ಓದುವವರ ದನಿಯಲ್ಲಿ ನಗು ಇರಬಾರದು. ಒಂದೇ ಜಾತಿಯ ವಿಚಾರಗಳನ್ನು ಒಂದು ಕಡೆ ಸರಿಸುತ್ತಾ ಹೋಗಿ. ಜಪಾನಿನ ಜಿರೊ ಕವಾಕಿತಾ ಎಂಬ ಮಾನವಶಾಸ್ತ್ರಜ್ಞ ತನ್ನ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಹೀಗೆಯೇ ಗುಂಪು ಮಾಡುತ್ತಿದ್ದ. ಗುಂಪಿಗೆ ಹೆಸರು ಮೊದಲೇ ಇಡಬೇಡಿ, ಚೀಟಿ ಕೂಡಿದ ಮೇಲೆ ಇಡಿ.

ನಮ್ಮ ರೊಟ್ಟಿಯ ಜಮಖಾನೆ ಹತ್ತಿರದಿಂದ ನೋಡಿದರೆ ಹೀಗಿರಬಹುದು. ಒಂದು ಮೂಲೆಯಲ್ಲಿ ಕಟ್ಟುವ ವಿಚಾರ: ನಿಲ್ಲಿಸಿ ಇಡುವುದು, ದಾರದಿಂದ ಬಿಗಿಯುವುದು, ಖಾಲಿ ಮೂಲೆಗೆ ಚುರುಮುರಿ ತುಂಬುವುದು. "ಚುರುಮುರಿನೂ ಮಾರಾಕ ಬರ್ತೈತಿ" ಅಂತ ಯಾರೋ ಪಕ್ಕದಲ್ಲಿ ಬರೆದಿದ್ದಾರೆ. ಇನ್ನೊಂದು ಕಡೆ ರೊಟ್ಟಿಯದೇ ವಿಚಾರ: ಅಂಗೈ ಅಗಲದ ಸಣ್ಣ ರೊಟ್ಟಿ, ಬಿಸಿ ಇದ್ದಾಗಲೇ ನಾಲ್ಕು ಮಡಿಕೆ ಮಾಡಿ ಒಣಗಿಸುವುದು. ಹಮಾಲರ ಚೀಟಿ ಒಂದೇ ಒಂದು: "ಬಾಕ್ಸ್ ಮ್ಯಾಲೆ ಹಿಡಿಕಿ ಇಡ್ರಿ. ಹಿಡಿಕಿ ಇದ್ರ ಎತ್ತತೀವಿ, ಇಲ್ಲಂದ್ರ ಒಗೀತೀವಿ." ದೂರದಲ್ಲಿ ಹುಡುಗನ ಚೀಟಿ: "ಒಡದದ್ದನ್ನೇ ಮಾರ್ರಿ."

ಎಲ್ಲರೂ ನಗುತ್ತಾರೆ. ನಗಲಿ. ಆದರೆ ಚೀಟಿ ತೆಗೆಯಬೇಡಿ. ಪ್ರಶ್ನೆಯಲ್ಲಿ ಇದ್ದದ್ದು ಗಿರಾಕಿ ಖುಷಿಯಾಗಬೇಕು ಅಂತ ತಾನೆ? ಬೇಕಂತಲೇ ಸಣ್ಣ ಚೂರು ಮಾಡಿ, ಶೇಂಗಾ ಚಟ್ನಿಪುಡಿ ಜೊತೆ ಪೊಟ್ಟಣ ಕಟ್ಟಿದರೆ ಅದು ಚಹಾದ ಜೊತೆ ತಿನ್ನುವ ಬೇರೆಯೇ ತಿಂಡಿ. ಒಡೆಯುವ ಭಯವೇ ಇಲ್ಲ.

ಈ ಹಂತದಲ್ಲಿ ನಿಷೇಧ ಮಾಡಬೇಕಾದ ಮಾತು ಎರಡು: "ಅದು ಆಗೂದಿಲ್ರೀ" ಮತ್ತು "ನಾವು ಹಿಂದಕ ಮಾಡಿ ನೋಡೀವಿ". ಯಾರಾದರೂ ಅಂದರೆ ಐದು ರೂಪಾಯಿ ದಂಡ, ಚಹಾದ ಲೆಕ್ಕಕ್ಕೆ.

ಮಾತು ಸಪ್ಪಗಾದರೆ ಪ್ರಶ್ನೆಯನ್ನು ತಿರುಗಿಸಿ: "ಒಂದು ರೊಟ್ಟಿನೂ ಉಳಿಯದ ಹಾಗೆ ಕಳಿಸಬೇಕು, ಹೇಗೆ?" ಹಾಳು ಮಾಡುವ ಉಪಾಯ ಹೇಳು ಅಂದರೆ ಎಲ್ಲರಿಗೂ ಹುರುಪು. ಸಡಿಲ ಕಟ್ಟಿ, ಮೇಲೆ ಅಕ್ಕಿ ಚೀಲ ಇಡಿ, ಪೂರ್ತಿ ಒಣಗುವ ಮೊದಲೇ ಪ್ಯಾಕ್ ಮಾಡಿ. ಆಮೇಲೆ ಒಂದೊಂದನ್ನೇ ಉಲ್ಟಾ ಮಾಡಿ ಓದಿ.

ಇಲ್ಲಿ ಚಹಾ, ಚುರುಮುರಿ, ಮಿರ್ಚಿ ಬಜಿ. ಮೊದಲೇ ಕೊಟ್ಟರೆ ಚೀಟಿಗೆ ಎಣ್ಣೆ.

ಹಂತ 7: ಈಗ ಕಸುಬುದಾರರ ಮಾತು

ಹೊರಗಿನವರಿಗೆ ಇಷ್ಟು ಮಣೆ ಹಾಕಿದ ಮೇಲೆ ಇದನ್ನೂ ಹೇಳಬೇಕು. ಆರಿಸುವ ಹೊತ್ತಿನಲ್ಲಿ ಕೆಲಸ ಗೊತ್ತಿದ್ದವರೇ ಮುಂದೆ ಇರಬೇಕು.

ಇಳಕಲ್ಲ ಸೀರೆ ನೋಡಿ. ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಎಳೆಯುವ ನೂಲು) ಬೇರೆ, ಸೆರಗಿನ ಹಾಸು ಬೇರೆ ಮಾಡಿಕೊಂಡು, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅಂದರೆ ಸೀರೆ ಸೀರೆಗೂ ಆ ಜೋಡಣೆ ಮತ್ತೆ ಆಗಬೇಕು. ಹೊರಗಿನವರು "ಒಂದೇ ಉದ್ದ ಹಾಸಿನಲ್ಲಿ ಹತ್ತು ಸೀರೆ ಎಳೆದುಬಿಡಿ, ಬೇಗ ಆಗುತ್ತದೆ" ಅಂತ ಸಲೀಸಾಗಿ ಹೇಳಬಹುದು. ಹಾಗೆ ಮಾಡಿದರೆ ಉಳಿಯುವುದು ಇಳಕಲ್ಲ ಸೀರೆಯಲ್ಲ ಅಂತ ನೇಕಾರರಿಗೆ ಮಾತ್ರ ಗೊತ್ತು.

ಆದ್ದರಿಂದ ಪ್ರತಿ ಗುಂಪಿನ ಮುಂದೆ ನಿಂತು ಕೆಲಸದವರನ್ನು ಮೂರು ವಿಷಯ ಕೇಳಿ. ಖರ್ಚೆಷ್ಟು? ಮುಂದಿನ ವಾರವೇ ಮಾಡಿ ನೋಡಬಹುದಾ? ಏನು ಕೆಡಬಹುದು? ಮಡಿಕೆ ರೊಟ್ಟಿಯ ಬಗ್ಗೆ ಅವರು "ಮಡಿಕಿ ಒಳಗ ಹಸಿ ಉಳೀತದ, ಬೂಷ್ಟು ಬರ್ತದ" ಅಂದರೆ ಆ ಮಾತಿಗೆ ತೂಕ ಕೊಡಿ.

ಆಮೇಲೆ ಮತ. ತಲೆಗೆ ಮೂರು ಕಡಲೆಕಾಳು. ಪ್ರತಿ ವಿಚಾರದ ಮುಂದೆ ಒಂದು ಕಾಗದದ ಚಹಾ ಕಪ್ಪು, ಮೇಲೆ ತೂತು ಮಾಡಿದ ಮುಚ್ಚಳ. ಯಾರು ಎಲ್ಲಿ ಹಾಕಿದರು ಅಂತ ಕಾಣಬಾರದು. ಮೂರೂ ಕಾಳು ಒಂದಕ್ಕೇ ಹಾಕಬಹುದು. ಎಣಿಸಿ ಮೊದಲ ಮೂರನ್ನು ಇಟ್ಟುಕೊಳ್ಳಿ. ಅದರ ಜೊತೆಗೆ, ಎಲ್ಲರೂ ನಕ್ಕ ಚೀಟಿಯಲ್ಲಿ ಒಂದನ್ನು ಮತ ಬೀಳದಿದ್ದರೂ ಇಟ್ಟುಕೊಳ್ಳಿ. ಗುಂಪಿನ ಮತ ಬಹುತೇಕ ಸುರಕ್ಷಿತ ವಿಚಾರದ ಕಡೆಗೇ ವಾಲುತ್ತದೆ. ಗೌಡರು ಮಾತಾಡುವುದು ಈಗ.

ಕರೆಂಟು, ಔಷಧ, ಕಟ್ಟಡದ ಭಾರ, ಮಷೀನಿನ ಸೇಫ್ಟಿ, ಇಂಥದ್ದನ್ನು ಮಾತ್ರ ಕಡಲೆಕಾಳಿನಿಂದ ತೀರ್ಮಾನ ಮಾಡಬೇಡಿ. ವಿಚಾರ ಎಲ್ಲರಿಂದ ಬರಲಿ, ಒಪ್ಪಿಗೆ ತಿಳಿದವರಿಂದಲೇ ಆಗಲಿ.

ಹಂತ 8: ಸಣ್ಣದಾಗಿ ಮಾಡಿ ನೋಡಿ

ಹತ್ತು ಸಾವಿರ ಕೊಟ್ಟು ಹೊಸ ಬಾಕ್ಸ್ ಮಾಡಿಸಬೇಡಿ. ಮೂರು ಬಾಕ್ಸ್ ತಗೊಳ್ಳಿ, ಒಂದೊಂದರಲ್ಲಿ ಇಪ್ಪತ್ತು ರೊಟ್ಟಿ. ಮೊದಲನೆಯದು ದಿನಾ ಕಟ್ಟುವ ಹಾಗೆ, ಎರಡನೆಯದು ನಿಲ್ಲಿಸಿ, ಮೂರನೆಯದು ನಿಲ್ಲಿಸಿ ಹಿಡಿಕೆ ಹಾಕಿ. ಮೂರೂ ಒಂದೇ ರಾತ್ರಿ, ಒಂದೇ ಬಸ್ಸಿನಲ್ಲಿ ಹೋಗಲಿ. ಬೆಂಗಳೂರಿನ ಸಂಬಂಧಿಕರೊಬ್ಬರು ಬಿಚ್ಚಿ, ಒಡೆದದ್ದು ಎಣಿಸಿ, ಫೋಟೊ ಕಳಿಸಲಿ. ದಿನಾ ಕಟ್ಟುವ ಬಾಕ್ಸನ್ನು ಬಿಡಬೇಡಿ. ಅದಿಲ್ಲದಿದ್ದರೆ ಹೊಸದು ವಾಸಿಯೋ, ಅವತ್ತು ಡ್ರೈವರ್ ನಿಧಾನ ಹೊಡೆದನೋ ಗೊತ್ತಾಗುವುದಿಲ್ಲ. ಒಂದೇ ಸಲಕ್ಕೆ ನಂಬಬೇಡಿ, ಬೇರೆ ದಿನ ಇನ್ನೊಮ್ಮೆ ಕಳಿಸಿ.

ಆಮೇಲೆ ಏನಾಯಿತು ಅಂತ ಬಂದ ಎಲ್ಲರಿಗೂ ತಿಳಿಸಿ. ಬಹಳ ಕಡೆ ಇದೊಂದು ಮರೆಯುತ್ತಾರೆ, ಮುಂದಿನ ಸಲ ಕರೆದರೆ ಯಾರೂ ಬರುವುದಿಲ್ಲ. ಗಾಜಿನ ಅಂಗಡಿಯ ಕಾಕಾನ ಮಾತು ನಡೆದಿದ್ದರೆ ಅವರ ಮನೆಗೆ ಒಂದು ಕಟ್ಟು ರೊಟ್ಟಿ, ಜೊತೆಗೆ ಎಣ್ಣೆಗಾಯಿ ಮುಟ್ಟಿಸಿ.

ಉಳಿದ ಚೀಟಿಗಳನ್ನು ತಾರೀಖು ಬರೆದು ಒಂದು ಡಬ್ಬಿಯಲ್ಲಿ ಹಾಕಿಡಿ, ಆರು ತಿಂಗಳಿಗೊಮ್ಮೆ ಸುರಿದು ಓದಿ. ಹೊರಗಿನವರನ್ನು ಮಾತ್ರ ಆಗಾಗ ಬದಲಿಸುತ್ತಿರಿ. ನಾಲ್ಕು ಸಲ ಬಂದ ಕಾಕಾನಿಗೂ ರೊಟ್ಟಿಯ ಒಳಹೊರಗೆ ಎಲ್ಲ ತಿಳಿದುಬಿಟ್ಟಿರುತ್ತದೆ, ಅವರೂ "ಅದು ಆಗೂದಿಲ್ರೀ" ಅನ್ನಲಿಕ್ಕೆ ಶುರು ಮಾಡುತ್ತಾರೆ. ಮುಂದಿನ ಸಲದ ಪ್ರಶ್ನೆ ರೊಟ್ಟಿಗೆ ಬೂಷ್ಟು ಬರದ ಹಾಗೆ ಇಡುವುದಾದರೆ ವಿಜಯಪುರ ಕಡೆ ಒಣದ್ರಾಕ್ಷಿ ಶೆಡ್ ನಡೆಸುವವರೊಬ್ಬರನ್ನು ಕರೆಯಿರಿ. ಹಣ್ಣಿನ ಹಸಿ ತೆಗೆದು ತಿಂಗಳುಗಟ್ಟಲೆ ಕೆಡದ ಹಾಗೆ ಇಡುವುದೇ ಅವರ ಕಸುಬು.